ಮತ್ತೆಮ್ಮನ ಆರು ಗುಂಡಿ

ಜನವರಿ ೮, ಸೋಮವಾರ

ಈ ಪುಸ್ತಕ ಅಕ್ಕನದು. ಅವಳು ದರ್ಜಿ. ಗಿರಾಕಿಗಳ ಅಳತೆ ಬರೆದುಕೊಳ್ಳಲೆಂದು ಅಚ್ಚು ಹಾಕಿಸಿದ್ದು. ಪ್ರತಿ ಪುಟದ ತಲೆಯ ಮೇಲೆ ಕುತ್ತಿಗೆ, ಭುಜ, ತೋಳು, ಎದೆ, ಸೊಂಟ ಎಂದಿದೆ. ಮುಂದೆ ಖಾಲಿ ಜಾಗ. ವೈದ್ಯರು ದಿನಚರಿ ಬರೆಯಲು ಹೇಳಿದ್ದಾರೆ, ಒಂದು ನೋಟುಪುಸ್ತಕ ತರಬೇಕು ಎಂದೆ. "ಮನೇಲಿ ಇಷ್ಟೊಂದು ಬಿದ್ದಿರೋವಾಗ ಹೊಸದ್ಯಾಕೋ" ಎಂದು ಇದನ್ನು ಕೈಗೆ ತುರುಕಿದಳು. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ಮಾತಾಡುವವಳ ಎದುರು ವಾದಕ್ಕೆ ನಿಲ್ಲುವುದು ಕ್ಷೇಮವಲ್ಲ.

ಇರುವ ಜಾಗ ಹಾಳು ಮಾಡಬಾರದು. ಕುತ್ತಿಗೆ: ಬಿಗಿದುಕೊಂಡಿದೆ. ಭುಜ: ಎಡಗಡೆ ನೋವು. ತೋಳು: ಸರಿಯಿದೆ. ಎದೆ: ಢವಢವ. ಸೊಂಟ: ಹೇಳಿಕೊಳ್ಳುವಂಥದ್ದಲ್ಲ.

"ಗೊತ್ತಿರೋದನ್ನೇ ಬರೀರಿ" ಎಂದಿದ್ದಾರೆ ವೈದ್ಯರು. ಗೊತ್ತಿರುವುದು ಇಷ್ಟು. ನನಗೆ ಐವತ್ತೊಂದು. ಊರಿನ ವಾದ್ಯವೃಂದದಲ್ಲಿ ಪಿಟೀಲುಗಳ ಮೊದಲ ಕುರ್ಚಿ ಹತ್ತೊಂಬತ್ತು ವರ್ಷದಿಂದ ನನ್ನದು. ಕಳೆದ ನವೆಂಬರಿನ ಕಛೇರಿಯಲ್ಲಿ ಆರು ನಿಮಿಷದ ಒಂದು ಭಾಗವನ್ನು ನಾನೊಬ್ಬನೇ, ಸ್ವರ ಬರೆದ ಕಾಗದ ನೋಡದೆ ನುಡಿಸಬೇಕಿತ್ತು. ಮೂರನೆಯ ನಿಮಿಷಕ್ಕೆ ಒಂದು ಉದ್ದ ಸ್ವರ ಬರುತ್ತದೆ. ಅದನ್ನು ನುಡಿಸಿದೆ. ಬೆರಳು ಅಲ್ಲೇ ಇತ್ತು, ಕಮಾನು ಅಲ್ಲೇ ಇತ್ತು, ಮುಂದಿನ ಸ್ವರ ಮಾತ್ರ ಇರಲಿಲ್ಲ. ಕಮಾನು ತುದಿ ಮುಟ್ಟುವವರೆಗೆ ಎಳೆದೆ. ಆಮೇಲೆ ಎಳೆಯಲು ಕಮಾನೂ ಇರಲಿಲ್ಲ. ಆಗ ನನ್ನ ಪಕ್ಕದ ಕುರ್ಚಿಯವಳು, ವರ್ಷಗಟ್ಟಲೆ ನನಗೆ ಪುಟ ಮಗುಚಿಕೊಟ್ಟವಳು, ಮುಂದಿನದನ್ನು ಎತ್ತಿಕೊಂಡು ಕೊನೆಯವರೆಗೆ ನುಡಿಸಿಬಿಟ್ಟಳು. ಸಭೆಗೆ ಇದು ಗೊತ್ತೇ ಆಗಲಿಲ್ಲ. ಗೊತ್ತಾಗಲಿಲ್ಲ ಎನ್ನುವುದೇ ನನಗೆ ಹೆಚ್ಚು ನೋವು.

ಅಂದಿನಿಂದ ಕಾಗದ ಎದುರಿಗಿದ್ದರೆ ನುಡಿಸುತ್ತೇನೆ, ಮುಚ್ಚಿದರೆ ಉದ್ದ ಸ್ವರದ ಹತ್ತಿರ ನಿಲ್ಲುತ್ತೇನೆ. ಕೈಯಲ್ಲಿ ಕಡ್ಡಿ ಆಡಿಸಿ ವೃಂದವನ್ನು ನಡೆಸುವ ನಮ್ಮ ನಿರ್ದೇಶಕರಿಗೆ ಹಿಂದಿನಿಂದ ನಾವೆಲ್ಲ ಇಟ್ಟ ಹೆಸರು ಕಡ್ಡಿ. ಕಡ್ಡಿಯವರು ಕಡ್ಡಿ ಮುರಿದ ಹಾಗೆ ಹೇಳಿದರು: "ಈಗ ರಜೆ ತಗೊಳ್ಳಿ, ಮಾರ್ಚ್ ಹದಿನಾಲ್ಕಕ್ಕೆ ಬನ್ನಿ. ಕಾಗದ ಇಲ್ದೆ ಕೊನೇ ತನಕ ಬಾರಿಸಿ. ಬಾರಿಸಿದ್ರೆ ಕುರ್ಚಿ ನಿಮ್ದು. ಇಲ್ಲಾಂದ್ರೆ ಪಕ್ಕದವಳದು."

ವೈದ್ಯರು ತಲೆಯ ಚಿತ್ರ ತೆಗೆಸಿ, ತಲೆಯೊಳಗೆ ಏನೂ ಇಲ್ಲ ಎಂದರು. ಅಕ್ಕ ಇದನ್ನು ಇಬ್ಬರು ಗಿರಾಕಿಗಳಿಗೆ ಹೇಳಿದ್ದಾಳೆ. ಜನರ ಮುಂದೆ ನುಡಿಸಬೇಕಂತೆ, ಆದರೆ ತಪ್ಪು ಎಣಿಸದ ಜನರ ಮುಂದೆ. ವೈದ್ಯರ ತಂಗಿ ವಿಶೇಷ ಅಗತ್ಯವುಳ್ಳ ವಯಸ್ಕರ ದಿನದ ಕೇಂದ್ರವೊಂದರ ಮೇಲ್ವಿಚಾರಕಿ. ಅಲ್ಲಿ ಸಂಗೀತ ಚಿಕಿತ್ಸೆ ಮಾಡುತ್ತಿದ್ದವರು ಹೆರಿಗೆ ರಜೆಯಲ್ಲಿದ್ದಾರೆ. ನಾಳೆಯಿಂದ ಪ್ರತಿ ಮಂಗಳವಾರ ಹತ್ತು ಗಂಟೆಗೆ ನಾನು.

"ಅವರ ಮುಂದೆ ಹೋಗಿ ಪಿಟೀಲು ಕುಯ್ಯಬೇಡ" ಎಂದಳು ಅಕ್ಕ.

ಜನವರಿ ೯, ಮಂಗಳವಾರ

ಕೇಂದ್ರ ಮೊದಲು ಬೂಟಿನ ಅಂಗಡಿಯಾಗಿತ್ತಂತೆ. ಗೋಡೆಯ ಬುಡದಲ್ಲಿ ಮೊಣಕಾಲೆತ್ತರದ ಕನ್ನಡಿಗಳು ಇನ್ನೂ ಇವೆ. ಅದರಲ್ಲಿ ನೋಡಿದರೆ ನಾವೆಲ್ಲರೂ ಬರೀ ಕಾಲು. ನನ್ನ ಬಲಗಾಲಿನ ಲೇಸು ಬಿಚ್ಚಿತ್ತು.

ಒಂಬತ್ತು ಜನ. ಮೇಲ್ವಿಚಾರಕಿ ಮೊದಲೇ ಮೂರು ಮಾತು ಹೇಳಿದರು. ಕಾಗದದ ಸ್ಟ್ಯಾಂಡ್ ಬೇಡ, ಅದು ನಡುವೆ ಬೇಲಿ ಹಾಕಿದ ಹಾಗೆ. ಚಪ್ಪಾಳೆ ಕಾಯಬೇಡಿ. "ಅವರು ಎಲ್ಲಿದಾರೋ ಅಲ್ಲಿಗೆ ನೀವು ಹೋಗಿ. ಆಮೇಲೆ ಬೇಕಾದ್ರೆ ಕೈ ಹಿಡಿದು ಕರ್ಕೊಂಡು ಬನ್ನಿ. ನಿಂತಲ್ಲಿಂದ ಕರೀಬೇಡಿ." ನಾನು ತಲೆಯಾಡಿಸಿ ಸ್ಟ್ಯಾಂಡ್ ಹಾಕಿದೆ. ಟೈ ಕಟ್ಟಿದ್ದ ಒಬ್ಬರು ಎದ್ದು ಬಂದು, ಕಾಗದವನ್ನು ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಾಡಿ, ಗಾಳಿ ನುಗ್ಗುತ್ತಿದ್ದ ಕಿಟಕಿಯ ಸಂದಿಗೆ ಸಿಕ್ಕಿಸಿದರು. ಗಾಳಿ ನಿಂತಿತು. "ಹತ್ತು ಗಂಟೆ ಆರು ನಿಮಿಷ" ಎಂದರು. ಅವರು ಎರಡು ಮೂರು ನಿಮಿಷಕ್ಕೊಮ್ಮೆ ಸಮಯ ಹೇಳುತ್ತಾರೆ, ಕೈಯಲ್ಲಿ ಗಡಿಯಾರವಿಲ್ಲ, ಒಮ್ಮೆಯೂ ತಪ್ಪಲಿಲ್ಲ. ಎಲ್ಲರೂ ಅವರನ್ನು ಟೈಮ್ ಸಾರ್ ಎನ್ನುತ್ತಾರೆ.

ಕಾಗದವಿಲ್ಲದೆ ಉದ್ದ ಸ್ವರದವರೆಗೆ ನುಡಿಸಿ, ಅಲ್ಲೇ ಮುಗಿಯುತ್ತದೆ ಎನ್ನುವ ಹಾಗೆ ಕಮಾನು ಇಳಿಸಿದೆ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಬಿದ್ದರೆ ಪೆಟ್ಟಾಗದಿರಲೆಂದು ಹೆಲ್ಮೆಟ್ ಹಾಕಿಕೊಂಡಿರುವ ಒಬ್ಬ ಎತ್ತರದ ಆಳು, ಹೆಲ್ಮೆಟ್ ಮೇಲಿಂದಲೇ ಕಿವಿ ಮುಚ್ಚಿಕೊಂಡಿದ್ದ. ಆಗ ಕಿಟಕಿಯ ಪಕ್ಕ ಕೋಟು ಹಾಕಿಕೊಂಡು ಕುಳಿತಿದ್ದ ಹೆಂಗಸು "ಮತ್ತೆ" ಎಂದಳು.

ಮತ್ತೆ ಎಂದರೆ ಮತ್ತೊಮ್ಮೆ. ಮೂವತ್ತು ವರ್ಷ ನುಡಿಸಿದ್ದೇನೆ, ಒಬ್ಬರೂ ಒನ್ಸ್ ಮೋರ್ ಅಂದವರಿಲ್ಲ. ಮೊದಲಿನಿಂದ ನುಡಿಸಿದೆ. ಉದ್ದ ಸ್ವರ ಮುಗಿಯಿತೋ ಇಲ್ಲವೋ, "ಮತ್ತೆ." ಏರಿಳಿತವಿಲ್ಲದ ದನಿ, ನನ್ನ ಎರಡನೆಯ ತಂತಿಗೆ ಸರಿಯಾಗಿ ಕೂರುತ್ತದೆ. ಒಟ್ಟು ಏಳು ಸಲ ನುಡಿಸಿದೆ. ಉಬ್ಬಿಹೋದೆ ಎಂದು ಬರೆಯಲು ಸಂಕೋಚವೇನಿಲ್ಲ.

ಹೊರಡುವಾಗ ಪ್ರಗತಿ ಎಂಬ ಕಾಗದ ಕೊಟ್ಟರು. ಯಾರಲ್ಲಾದರೂ ಏನಾದರೂ ಬದಲಾವಣೆ ಕಂಡರೆ ಬರೆಯಬೇಕು. "ಇಲ್ಲ" ಎಂದು ಬರೆದೆ.

ಅಕ್ಕನಿಗೆ ಒನ್ಸ್ ಮೋರ್ ವಿಷಯ ಹೇಳಿದೆ. ಅವಳು ಕೇಳಿದ್ದು ಕೋಟಿನ ಬಗ್ಗೆ. ಕೋಣೆಯೊಳಗೆ ಕೋಟು ಯಾಕೆ, ಯಾವ ಬಟ್ಟೆ, ಎಷ್ಟು ಗುಂಡಿ. ಕಂದು ಬಣ್ಣ, ಅವಳಿಗಿಂತ ಎರಡು ಅಳತೆ ದೊಡ್ಡದು, ಆರು ಗುಂಡಿ, ಆರೂ ಹಾಕಿದ್ದವು ಎಂದೆ. ಕಛೇರಿಯ ಬಗ್ಗೆ ಇಷ್ಟು ಆಸಕ್ತಿ ಅವಳು ಎಂದೂ ತೋರಿಸಿದ್ದಿಲ್ಲ.

ಜನವರಿ ೧೬, ಮಂಗಳವಾರ

ಒಂಬತ್ತು ಸಲ. ಆ ಹೆಂಗಸಿಗೆ ಮತ್ತೆಮ್ಮ ಎಂದು ಹೆಸರಿಟ್ಟಿದ್ದೇನೆ, ಮನಸ್ಸಿನಲ್ಲಿ. ವಯಸ್ಸು ನಲವತ್ತಾರಂತೆ. ಬೇರೆ ಮಾತಿಲ್ಲ. ಸಂಗೀತ ಗೊತ್ತಿರುವವಳು.

ಹೆಲ್ಮೆಟ್‌ಗೆ ಗೊತ್ತಿಲ್ಲ. ನಾನು ನುಡಿಸುವಷ್ಟು ಹೊತ್ತೂ ಹಿಂದಕ್ಕೂ ಮುಂದಕ್ಕೂ ತೂಗುತ್ತ ಮೇಜು ಕುಟ್ಟುತ್ತಾನೆ. ಟುಕ್, ಟುಕ್‌ಟುಕ್. ನನ್ನ ತಾಳಕ್ಕೂ ಅದಕ್ಕೂ ಎಣ್ಣೆ ಸೀಗೆಕಾಯಿ.

ಪ್ರಗತಿ: ಇಲ್ಲ. ಗುಂಡಿ: ಆರು. (ಅಕ್ಕ ಕೇಳುತ್ತಾಳೆ, ಅದಕ್ಕೆ ನೋಡಿಕೊಂಡು ಬಂದೆ.)

ಜನವರಿ ೨೦, ಶನಿವಾರ

ಕುತ್ತಿಗೆ, ಭುಜ, ತೋಳು: ಇವೆ.

ಬೆಳಿಗ್ಗೆ ಎಂಟರಿಂದ ಹನ್ನೊಂದು. ಕಾಗದ ತೆರೆದು ಇಪ್ಪತ್ತು ಸಲ, ಮುಚ್ಚಿ ಇಪ್ಪತ್ತು ಸಲ. ಮುಚ್ಚಿದಾಗಲೆಲ್ಲ ಅಲ್ಲೇ ನಿಂತೆ. ಕೆಳಗಿನಿಂದ ಅಕ್ಕ "ಅದೇನು ಪ್ರತಿ ಸಲ ಬಾಗಿಲ ತನಕ ಹೋಗಿ ಬೆಲ್ ಒತ್ತದೆ ವಾಪಸ್ ಬರ್ತೀಯ" ಎಂದು ಕೂಗಿದಳು. ಇನ್ನು ಐವತ್ತನಾಲ್ಕು ದಿನ. ಹೆದರಿಕೆಯಾಗುತ್ತಿದೆ.

ಜನವರಿ ೨೩, ಮಂಗಳವಾರ

ಮೇಲ್ವಿಚಾರಕಿ ಪಕ್ಕಕ್ಕೆ ಕರೆದರು. ಹೊಗಳುತ್ತಾರೆ ಎಂದುಕೊಂಡೆ.

"ಸಾರ್, ನೀವು ಅವನ ಮೇಲೆ ಬಾರಿಸ್ತಾ ಇದೀರಿ. ಅವನ ಜೊತೆ ಬಾರಿಸಿ ನೋಡಿ."

ಹೆಲ್ಮೆಟ್‌ನ ಕುಟ್ಟುವಿಕೆಯ ಜೊತೆಗಂತೆ. ನಾನು ಹತ್ತೊಂಬತ್ತು ವರ್ಷ ಕಡ್ಡಿಯವರ ಕಡ್ಡಿಗೆ ನುಡಿಸಿದವನು ಎಂದೆ. "ಇವನ ಕೈಯಲ್ಲಿ ಕಡ್ಡಿ ಇಲ್ಲ, ಅಷ್ಟೇ ವ್ಯತ್ಯಾಸ" ಎಂದರು. ಅಣ್ಣನಿಗಿಂತ ತಂಗಿಯ ಬಾಯಿ ಜೋರು.

ಜನವರಿ ೩೦, ಮಂಗಳವಾರ

ಹೇಳಿದ್ದಾರಲ್ಲ ಎಂದು ಮಾಡಿದೆ. ತಂತಿಯನ್ನು ಬೆರಳಿನಿಂದ ಮೀಟುತ್ತ ಟುಕ್, ಟುಕ್‌ಟುಕ್. ಹೆಲ್ಮೆಟ್ ನಿಂತುಬಿಟ್ಟ. ನಾನೂ ನಿಂತೆ. ಅವನು ಕುಟ್ಟಿದ, ನಾನು ಮೀಟಿದೆ. ಅವನು ಜೋರು ಮಾಡಿದ, ನಾನೂ. ಹೀಗೆ ಬಹಳ ಹೊತ್ತು ಇಬ್ಬರು ದೊಡ್ಡ ಮನುಷ್ಯರು ಮಾಡಬಾರದ ಕೆಲಸ ಮಾಡಿದೆವು. ಆಮೇಲೆ ನಾನು ಒಂದು ಕೂದಲೆಳೆಯಷ್ಟು ನಿಧಾನ ಮಾಡಿದೆ. ಅವನೂ ಮಾಡಿದ. ಇನ್ನೊಂದು ಎಳೆ. ಕೊನೆಗೆ ಅವನ ತೂಗಾಟ ನಿಂತು ಅಂಗೈ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಿತು. "ಹತ್ತು ಗಂಟೆ ಮೂವತ್ತೊಂದು ನಿಮಿಷ" ಎಂದರು ಟೈಮ್ ಸಾರ್.

ಇದರಿಂದಾಗಿ ಮತ್ತೆಮ್ಮನಿಗೆ ನಾಲ್ಕೇ ಸಲ ನುಡಿಸಲಾಯಿತು. ಸಮಯ ವ್ಯರ್ಥ.

ಪ್ರಗತಿ: ಇಲ್ಲ. ಗುಂಡಿ: ಐದು. ಮೇಲಿನದು ಬಿಚ್ಚಿತ್ತು. ದಾರ ಸಡಿಲವಾಗಿರಬೇಕು ಎಂದು ಅಕ್ಕನಿಗೆ ಹೇಳಿದೆ.

ಫೆಬ್ರುವರಿ ೬, ಮಂಗಳವಾರ

ಕುತ್ತಿಗೆ: ಇಲ್ಲ. ಭುಜ: ಇಲ್ಲ. ನೆಗಡಿ. ಹೋಗಿದ್ದೆ. ಮತ್ತೆಮ್ಮ ಹತ್ತು ಸಲ. ಗುಂಡಿ ಐದು.

ಫೆಬ್ರುವರಿ ೧೩, ಮಂಗಳವಾರ

ಇವತ್ತಿನದನ್ನು ಬರೆಯದೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೂ ಬರೆಯುತ್ತೇನೆ.

ಮತ್ತೆಮ್ಮನನ್ನು ಕರೆದುಕೊಂಡು ಹೋಗಲು ಅವಳ ತಮ್ಮ ಬೇಗ ಬಂದಿದ್ದ. ಕನ್ನಡಕದ ಅಂಗಡಿಯವನು, ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ನಾನು ಉದ್ದ ಸ್ವರ ಮುಗಿಸಿದೆ, ಅವಳು "ಮತ್ತೆ" ಎಂದಳು, ನಾನು ಮೊದಲಿನಿಂದ ಎತ್ತಿಕೊಂಡೆ. ಹೀಗೆ ಮೂರು ಸಲ ಆಯಿತು. ಮುಗಿದ ಮೇಲೆ, ನಿಮ್ಮ ಅಕ್ಕನಿಗೆ ಈ ರಚನೆ ಬಹಳ ಹಿಡಿಸಿದೆ, ಪ್ರತಿ ವಾರ ಎಂಟು ಹತ್ತು ಸಲ ಮತ್ತೆ ಮತ್ತೆ ಕೇಳುತ್ತಾರೆ ಎಂದೆ. ಅವನು ಸ್ವಲ್ಪ ಹೊತ್ತು ತನ್ನ ಕನ್ನಡಕ ಒರೆಸಿದ.

"ಸಾರ್, ತಪ್ಪು ತಿಳ್ಕೋಬೇಡಿ. ಅದು ಇನ್ನೊಂದ್ಸಲ ಅಂತ ಅಲ್ಲ."

"ಮತ್ತೆ?" ಎಂದೆ.

"ಹಾಂ, ಅದೇ. ನೀವೀಗ ಕೇಳಿದ್ರಲ್ಲ, ಹಾಗೆ. ಮತ್ತೆ, ಮುಂದೇನಾಯ್ತು ಅಂತ. ಅಮ್ಮ ದಿನಾ ಅವಳಿಗೆ ಕಥೆ ಹೇಳೋರು. ಒಂದು ಮಾತು ಅಮ್ಮಂದು, ಒಂದು ಮತ್ತೆ ಇವಳದು. ಇವಳ ದನಿ ಏರಲ್ಲ, ಹಂಗಾಗಿ ಕೇಳಿದ ಹಾಗೆ ಅನ್ಸಲ್ಲ. ಅಮ್ಮ ಹೋಗಿ ಒಂದು ವರ್ಷ ಆಯ್ತು. ಆ ಮಾತೂ ನಿಂತಿತ್ತು. ನಾನೂ ಒಂದೆರಡು ದಿನ ಕಥೆ ಹೇಳಕ್ಕೆ ನೋಡ್ದೆ ಸಾರ್. ನಂಗೆ ಬರಲ್ಲ. ಎರಡನೇ ಮತ್ತೆಗೇ ನಿಂತೋಗ್ತೀನಿ."

ಕೋಟೂ ಅಮ್ಮನದೇ. ಬೆಳಿಗ್ಗೆ ಹಾಕಿಕೊಂಡರೆ ಮಲಗುವವರೆಗೂ ಬಿಚ್ಚುವುದಿಲ್ಲವಂತೆ. ಅಮ್ಮ ಬಂದು ಕರೆದರೆ ತಡವಾಗಬಾರದು ಎಂದಿರಬೇಕು ಎಂದ.

ಅಂದರೆ ಆರು ವಾರದಿಂದ ಅವಳು ಮುಂದೇನು ಎಂದು ಕೇಳುತ್ತಿದ್ದಾಳೆ, ನಾನು ಮೊದಲಿನಿಂದ ಹೇಳುತ್ತಿದ್ದೇನೆ. ಎಣಿಸಿದೆ, ನಲವತ್ತಕ್ಕಿಂತ ಹೆಚ್ಚು ಸಲ. ಒಂದು ಸ್ವರ ಕೂದಲೆಳೆಯಷ್ಟು ತಗ್ಗಿದರೆ ಹಿಡಿಯುವ ಕಿವಿ ನನ್ನದು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಒಂದು ಪ್ರಶ್ನೆ ಕೇಳಿಸಲಿಲ್ಲ. ನಾಚಿಕೆಯಾಗುತ್ತಿದೆ.

ಗುಂಡಿ: ನಾಲ್ಕು.

ಫೆಬ್ರುವರಿ ೧೪, ಬುಧವಾರ

ಅಕ್ಕನಿಗೆ ಹೇಳಿದೆ. ನಗುತ್ತಾಳೆ ಎಂದು ಕಾದೆ. ಬಾಯಿಂದ ಸೂಜಿಗಳನ್ನೆಲ್ಲ ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. "ಪಾಪ, ಎಷ್ಟು ತಾಳ್ಮೆ ಅವಳಿಗೆ" ಎಂದಳು.

ಫೆಬ್ರುವರಿ ೨೦, ಮಂಗಳವಾರ

ತೋಳು: ನೋವು. ಕಾರಣ ಕೆಳಗಿದೆ.

ಉದ್ದ ಸ್ವರ ಬಂತು. "ಮತ್ತೆ" ಎಂದಳು. ಈ ಸಲ ಮೊದಲಿಗೆ ಓಡುವಂತಿರಲಿಲ್ಲ. ಮುಂದಿನ ಸ್ವರವನ್ನು ಕರೆದೆ, ಬರಲಿಲ್ಲ. ಕಮಾನು ಮಗುಚಿ ಉದ್ದ ಸ್ವರವನ್ನೇ ಇನ್ನಷ್ಟು ಉದ್ದ ಮಾಡುತ್ತ ನಿಂತೆ. ಇಂಗು ತಿಂದ ಮಂಗನ ಮುಖ ಹೇಗಿರುತ್ತದೋ ಹಾಗಿತ್ತೆಂದು ಕಾಣುತ್ತದೆ. ಕನ್ನಡಿಯಲ್ಲಿ ಕಾಲು ಮಾತ್ರ ಕಾಣುವುದು ಪುಣ್ಯ.

ಆಗ ಹೆಲ್ಮೆಟ್ ಕುಟ್ಟಿದ. ಟುಕ್, ಟುಕ್‌ಟುಕ್. ಬೇರೇನೂ ಕೈಯಲ್ಲಿಲ್ಲದ್ದರಿಂದ ಅದನ್ನೇ ನುಡಿಸಿದೆ. "ಮತ್ತೆ." ಅಡುಗೆಮನೆಯಲ್ಲಿ ಕೆಟಲ್ ಕೂಗಿತು, ಅದು ಕೂಗಿದ ಹಾಗೆ ಮೇಲಕ್ಕೆ ಎಳೆದೆ. "ಮತ್ತೆ." ಹೊರಗೆ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು, ಪೀಂ ಪೀಂ ಪೀಂ. ಅದೂ ಆಯಿತು. "ಮತ್ತೆ." ಟೈಮ್ ಸಾರ್ "ಹತ್ತು ಗಂಟೆ ಇಪ್ಪತ್ತೆರಡು ನಿಮಿಷ" ಎಂದರು, ಆ ಮಾತಿನ ಏರಿಳಿತವನ್ನು ಹಾಗೇ ತಂತಿಯ ಮೇಲೆ ಹೇಳಿದೆ. ಅವರು ಗಾಬರಿಯಾಗಿ ಇನ್ನೊಮ್ಮೆ ಸಮಯ ನೋಡಿಕೊಂಡರು, ಎಲ್ಲಿ ನೋಡಿಕೊಂಡರೋ ಗೊತ್ತಿಲ್ಲ.

ಇದು ಸಂಗೀತವಲ್ಲ. ಕೋಣೆಯಲ್ಲಿ ನಡೆಯುತ್ತಿದ್ದದ್ದರ ವರದಿ. ಬರೆದದ್ದನ್ನು ಬಿಟ್ಟು ಒಂದು ಸ್ವರ ನುಡಿಸಿದವನಲ್ಲ ನಾನು, ಇವತ್ತು ನಲವತ್ತು ನಿಮಿಷ ಹಾಗೆ ಕಳೆದೆ. ಪ್ರಗತಿ: ಇಲ್ಲ. ಮನೆಗೆ ಬಂದು ಅಭ್ಯಾಸ ಮಾಡಲು ಶಕ್ತಿಯಿರಲಿಲ್ಲ, ಮಲಗಿಬಿಟ್ಟೆ.

ಗುಂಡಿ: ಮೂರು.

ಫೆಬ್ರುವರಿ ೨೭, ಮಂಗಳವಾರ

ಹೆಲ್ಮೆಟ್ ಬಂದಿರಲಿಲ್ಲ. ಭಾನುವಾರ ಮೂರ್ಛೆ ಬಂದು ಬಿದ್ದನಂತೆ, ಹೆಲ್ಮೆಟ್ ಇದ್ದದ್ದರಿಂದ ತಲೆ ಉಳಿಯಿತು, ಮುಂಗೈ ಉಳುಕಿದೆ. ಬಲಗೈಯೋ ಎಡಗೈಯೋ ಎಂದು ಕೇಳಿದೆ. ಎಡಗೈ. ಕುಟ್ಟುವುದು ಬಲಗೈ. ಸಮಾಧಾನವಾಯಿತು. ಅವನ ಜಾಗದಲ್ಲಿ ತಾಳ ಹಾಕುವವರಿಲ್ಲದೆ ಇವತ್ತಿನ ಕಥೆ ನೀರುನೀರಾಗಿತ್ತು. ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ ಎಂದದ್ದಕ್ಕೆ ವಿಳಾಸ ತೆಗೆದುಕೊಂಡು ಸಂಜೆ ಹೋಗಿಬಂದೆ. ಮಂಚದ ಅಂಚನ್ನು ಕುಟ್ಟಿ ತೋರಿಸಿದ. ಮರ ಚೆನ್ನಾಗಿದೆ, ಕೇಂದ್ರದ ಮೇಜಿಗಿಂತ ನಾದ ಗಟ್ಟಿ. ಅವನ ತಾಯಿ ಬ್ರೆಡ್ಡು, ಚಹಾ ಕೊಟ್ಟರು.

ಗುಂಡಿ: ಎರಡು. ಅಕ್ಕ "ಒಳಗೆ ಏನು ಹಾಕ್ಕೊಂಡಿದಾಳೆ ಕಾಣ್ತಾ?" ಎಂದಳು. ಹಸಿರು ಸ್ವೆಟರ್ ಇರಬೇಕು ಎಂದೆ.

ಮಾರ್ಚ್ ೫, ಮಂಗಳವಾರ

ಹೆಲ್ಮೆಟ್ ಬಂದ, ಕೈಗೆ ಪಟ್ಟಿ ಕಟ್ಟಿಕೊಂಡು. ಟೈಮ್ ಸಾರ್ ಅವನಿಗೆ ಎಷ್ಟು ದಿನ ಎಷ್ಟು ಗಂಟೆ ಬಂದಿರಲಿಲ್ಲ ಎಂದು ಹೇಳಿದರು. ನಾವು ಮೂವರೂ ಸೇರಿ ಮತ್ತೆಮ್ಮನ ಹನ್ನೊಂದು ಮತ್ತೆಗೆ ಉತ್ತರ ಕೊಟ್ಟೆವು.

ಮೇಲ್ವಿಚಾರಕಿ ಹದಿನಾಲ್ಕರ ಮೇಲೆ ಹೇಗೆ ಎಂದು ಕೇಳಿದರು. ಕುರ್ಚಿ ಸಿಕ್ಕರೆ ಮಂಗಳವಾರ ಬೆಳಿಗ್ಗೆ ಮೊದಲ ಸಾಲಿನವರಿಗೆ ಅಭ್ಯಾಸವಿರುತ್ತದೆ, ಬರಲಾಗುವುದಿಲ್ಲ ಎಂದೆ. "ಸಿಗಲಿ ಸಾರ್, ನಿಮ್ಮ ಕುರ್ಚಿ ನಿಮಗೆ" ಎಂದರು. ಮನಸ್ಸಿನಿಂದಲೇ ಹೇಳಿದರು, ಆಮೇಲೆ ಕಪಾಟಿನೊಳಗೆ ಏನನ್ನೋ ಬಹಳ ಹೊತ್ತು ಹುಡುಕಿದರು.

ಸಂಜೆ ಪಕ್ಕದ ಕುರ್ಚಿಯವಳು ಫೋನ್ ಮಾಡಿದ್ದಳು. "ಇನ್ನೆಷ್ಟು ದಿನ ಸಾರ್, ತಯಾರಿ ಹೇಗಿದೆ" ಎಂದಳು. ಎಷ್ಟು ದಿನ ಎಂದು ಬೆರಳು ಮಡಿಚಿ ಎಣಿಸಿ ಹೇಳಬೇಕಾಯಿತು.

ಗುಂಡಿ: ಒಂದು.

ಮಾರ್ಚ್ ೧೨, ಮಂಗಳವಾರ

ಕೊನೆಯಲ್ಲಿ ಮೇಲ್ವಿಚಾರಕಿ ಎಲ್ಲರಿಗೂ ಹೇಳಿದರು. ಮುಂದಿನ ವಾರದಿಂದ ಸಾರ್ ಬರದೆ ಇರಬಹುದು, ಅವರಿಗೆ ಅವರ ಕೆಲಸವಿದೆ, ಟಾಟಾ ಮಾಡಿ. ಹೇಳದೆ ಹೋಗುವುದು ಇಲ್ಲಿ ಕೂಡದು, ಅದು ಅವರ ನಿಯಮ. ಹೆಲ್ಮೆಟ್ ಎರಡೂ ಕೈಯಲ್ಲಿ ಟಾಟಾ ಮಾಡಿದ, ನೋಯುವ ಕೈಯಲ್ಲೂ. ಟೈಮ್ ಸಾರ್ ಸಮಯ ಹೇಳಿದರು.

ಮತ್ತೆಮ್ಮ ಮತ್ತೆ ಎನ್ನಲಿಲ್ಲ. ಕೋಟಿನ ಗುಂಡಿಗಳನ್ನು ಕೆಳಗಿನಿಂದ ಒಂದೊಂದಾಗಿ ಹಾಕಿಕೊಂಡಳು. ಕತ್ತಿನವರೆಗೆ.

ಮನೆಯಲ್ಲಿ ಅಕ್ಕ ಕೇಳಿದಳು. ಆರು ಎಂದೆ. ಹೊಲಿಗೆ ಯಂತ್ರ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಮಾರ್ಚ್ ೧೩, ಬುಧವಾರ

ಕಾಗದ ಮುಚ್ಚಿ ನುಡಿಸಲು ಇವತ್ತಾದರೂ ಕೂರಬೇಕಿತ್ತು. ಪಿಟೀಲಿನ ಕಿವಿ ಹಿಂಡಿ ಶ್ರುತಿ ಮಾಡಿದೆ, ಮತ್ತೆ ಪೆಟ್ಟಿಗೆಯಲ್ಲಿಟ್ಟೆ. ಹತ್ತೊಂಬತ್ತು ವರ್ಷ ಕುಳಿತ ಕುರ್ಚಿ. ಅದು ಬಿಟ್ಟರೆ ನಾನು ಯಾರು ಎಂದು ನನಗೆ ಗೊತ್ತಿಲ್ಲ. ಅದು ಬೇಕು. ಬೇಕು ಎಂದು ಇಲ್ಲಿ ಬರೆದಿಡುತ್ತೇನೆ, ಯಾಕೆಂದರೆ ಬೆಳಿಗ್ಗೆಯಿಂದ ನನ್ನ ಕಣ್ಣೆದುರು ಇರುವುದು ಆ ಕೋಟು.

ಮಾರ್ಚ್ ೧೪, ಗುರುವಾರ

ಅಭ್ಯಾಸದ ಕೋಣೆಯಲ್ಲಿ ಚಳಿಯಿತ್ತು. ಕಡ್ಡಿಯವರು ಮೇಜಿನ ಹಿಂದೆ, ಪಕ್ಕದ ಕುರ್ಚಿಯವಳು ಬಾಗಿಲ ಬಳಿ. ನನ್ನ ಖಾಲಿ ಕುರ್ಚಿ ನಡುವೆ, ಅದರ ಮೇಲೆ ಅಕ್ಕ ಹೊಲಿದುಕೊಟ್ಟ ದಿಂಬು.

ಶುರು ಚೆನ್ನಾಗಿತ್ತು. ಮೂರನೆಯ ನಿಮಿಷಕ್ಕೆ ಉದ್ದ ಸ್ವರ ಬಂತು. ಮುಂದಿನದು ಬರಲಿಲ್ಲ. ನವೆಂಬರಿನಲ್ಲಿ ಹೇಗೋ ಹಾಗೇ, ಒಂದಿಷ್ಟೂ ಬದಲಾವಣೆಯಿಲ್ಲ. ಯಾರಾದರೂ ಮತ್ತೆ ಎನ್ನಲಿ ಎಂದು ಕಾದೆ. ಆ ಕೋಣೆಯಲ್ಲಿ ಯಾರೂ ಹಾಗೆ ಅನ್ನುವವರಲ್ಲ. ಕೊನೆಗೆ ನಾನೇ ಮನಸ್ಸಿನಲ್ಲಿ ಅಂದುಕೊಂಡೆ, ದನಿ ಏರಿಸದೆ.

ಕಡ್ಡಿಯವರು ಪೆನ್ಸಿಲ್ಲಿನಿಂದ ಮೇಜು ತಟ್ಟುತ್ತಿದ್ದರು. ಅದನ್ನು ನುಡಿಸಿದೆ. ಅವರು ಪೆನ್ಸಿಲ್ ಕೆಳಗಿಟ್ಟರು. ಗೋಡೆಯೊಳಗೆ ನೀರಿನ ಪೈಪು ಗೊಳಗೊಳ ಎಂದಿತು, ಅದನ್ನು ನುಡಿಸಿದೆ. ಅಲ್ಲಿಂದ ಉದ್ದ ಸ್ವರಕ್ಕೆ ವಾಪಸು ಬಂದರೆ ಉಳಿದ ಮೂರು ನಿಮಿಷವೂ, ಬಾಗಿಲ ಹಿಂದೆಯೇ ನಿಂತಿದ್ದವರ ಹಾಗೆ, ಸಾಲಾಗಿ ಒಳಗೆ ಬಂತು. ಕೊನೆಯವರೆಗೆ ನುಡಿಸಿದೆ.

"ನಡುವೆ ಒಂದು ನಿಮಿಷ ಏನದು?" ಎಂದರು ಕಡ್ಡಿಯವರು.

"ನಿಮ್ಮ ಪೆನ್ಸಿಲ್ಲು."

"ನಾನು ಪೆನ್ಸಿಲ್ ಇಟ್ಟ ಮೇಲೆ?"

"ನೀರಿನ ಪೈಪು."

ಅವರು ಪೈಪಿನ ಕಡೆ ನೋಡಿದರು. "ಚೆನ್ನಾಗೇ ಇತ್ತು. ಸುಳ್ಳು ಹೇಳಲ್ಲ. ಆದ್ರೆ ಮೊದಲ ಕುರ್ಚಿಯವನ ಹಿಂದೆ ಇಪ್ಪತ್ತೊಂಬತ್ತು ಜನ ಬರ್ತಾರೆ. ನೀವು ಪೈಪಿನ ಹಿಂದೆ ಹೋದ್ರೆ ಅವರೆಲ್ಲಿಗೆ ಹೋಗ್ಬೇಕು?"

ಅವರು ಹೇಳಿದ್ದು ಸರಿ. ನನ್ನನ್ನು ಕೊನೆಯ ಸಾಲಿನ ಕೊನೆಗೆ ಹಾಕಿದ್ದಾರೆ. ಅಲ್ಲಿಯವರಿಗೆ ಮಂಗಳವಾರ ಅಭ್ಯಾಸವಿಲ್ಲ.

ಮೆಟ್ಟಿಲ ಬಳಿ ಪಕ್ಕದ ಕುರ್ಚಿಯವಳು ಹಿಂದೆಯೇ ಬಂದಳು. "ನವೆಂಬರಲ್ಲಿ ನಾನು ಎತ್ಕೋಬಾರದಿತ್ತು ಸಾರ್. ಒಂಚೂರು ಕಾಯ್ಬೇಕಿತ್ತು."

"ಕಾದಿದ್ರೂ ಬರ್ತಿರಲಿಲ್ಲಮ್ಮ" ಎಂದೆ. ದಿಂಬು ಅಲ್ಲೇ ಬಿಟ್ಟು ಬಂದೆ. ಅವಳು ನನಗಿಂತ ಕುಳ್ಳಗಿದ್ದಾಳೆ, ಬೇಕಾಗುತ್ತದೆ.

ಮನೆಯಲ್ಲಿ ಅಕ್ಕ ಮುಖ ಎತ್ತಿದಳು. "ಹೋಯ್ತು" ಎಂದು ಮೇಲೆ ಬಂದೆ. ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅತ್ತೆ. ಎಷ್ಟು ಹೊತ್ತು ಎಂದು ಟೈಮ್ ಸಾರ್ ಇದ್ದಿದ್ದರೆ ಹೇಳುತ್ತಿದ್ದರು.

ಮಾರ್ಚ್ ೧೬, ಶನಿವಾರ

ಕುತ್ತಿಗೆ: ಸಡಿಲ. ಭುಜ: ಸಡಿಲ. ಯಾಕೆಂದು ಗೊತ್ತಿಲ್ಲ.

ಮಾರ್ಚ್ ೧೯, ಮಂಗಳವಾರ

ಹತ್ತಕ್ಕೆ ಹೋದೆ. ಹೆಲ್ಮೆಟ್ ಮೇಜು ಕುಟ್ಟಿದ. ಮತ್ತೆಮ್ಮ ಕಿಟಕಿಯ ಪಕ್ಕ, ಕತ್ತಿನವರೆಗೆ ಆರು ಗುಂಡಿ ಹಾಕಿಕೊಂಡು ಕುಳಿತಿದ್ದಳು. ನನ್ನ ಕಡೆ ನೋಡಲಿಲ್ಲ.

ಪೆಟ್ಟಿಗೆ ತೆರೆಯಲಿಲ್ಲ. ಒಂದು ಕುರ್ಚಿ ಎಳೆದುಕೊಂಡು ಅವಳೆದುರು ಕುಳಿತೆ. ಏನು ಹೇಳಬೇಕೆಂದು ಗೊತ್ತಾಗದೆ ನಡೆದದ್ದನ್ನೇ ಹೇಳಿದೆ.

"ಒಂದು ಪರೀಕ್ಷೆ ಇತ್ತು. ಹೋಗಿದ್ದೆ."

ಕನ್ನಡಿಯಲ್ಲಿ ಅವಳ ಬೂಟು, ನನ್ನ ಬೂಟು ಎದುರುಬದುರು.

"ಉದ್ದ ಸ್ವರದ ಹತ್ರ ನಿಂತೋದೆ. ಮರೆತೇ ಹೋಯ್ತು."

ಟೈಮ್ ಸಾರ್ ಎರಡು ಸಲ ಸಮಯ ಹೇಳಿದರು. ಆಮೇಲೆ, ಕಿಟಕಿಗೆ ಹೇಳಿದ ಹಾಗೆ, "ಮತ್ತೆ" ಎಂದಳು.

"ಪೆನ್ಸಿಲ್ ಬಾರಿಸ್ದೆ. ಪೈಪು ಬಾರಿಸ್ದೆ. ಆಮೇಲೆ ಎಲ್ಲಾ ನೆನಪಾಯ್ತು."

"ಮತ್ತೆ."

"ಕುರ್ಚಿ ಹೋಯ್ತು. ಕೊನೇ ಸಾಲಲ್ಲಿ ಕೂರಿಸಿದಾರೆ."

"ಮತ್ತೆ."

"ಅತ್ತೆ."

ಆಗ ನನ್ನ ಕಡೆ ತಿರುಗಿದಳು. "ಮತ್ತೆ."

"ಇಲ್ಲಿಗೆ ಬಂದೆ. ಇನ್ಮೇಲೆ ಪ್ರತಿ ಮಂಗಳವಾರ ಬರ್ತೀನಿ. ಮತ್ತೇನಿಲ್ಲ."

ಮತ್ತೇನಿಲ್ಲ ಎಂದದ್ದನ್ನು ಅವಳು ನಂಬಿದ ಹಾಗೆ ಕಾಣಲಿಲ್ಲ. ಸ್ವಲ್ಪ ಹೊತ್ತು ನನ್ನ ಪೆಟ್ಟಿಗೆಯನ್ನೇ ನೋಡಿದಳು. ಆಮೇಲೆ ಮೇಲಿನ ಗುಂಡಿಗೆ ಕೈ ಹಾಕಿದಳು. ಒಂದೊಂದು ಬಿಚ್ಚಿದಾಗಲೂ ಹೆಲ್ಮೆಟ್ ಒಂದೊಂದು ಟುಕ್ ಹಾಕಿದ, ಆರು. ಎದ್ದು ಹೋಗಿ ಕೋಟನ್ನು ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕಿದಳು. ಕಾಲರ್ ಸರಿಮಾಡಿದಳು. ವಾಪಸು ಬಂದು, ಮೊಣಕೈ ತೇಪೆಯ ಹಸಿರು ಸ್ವೆಟರಿನಲ್ಲಿ, ಕಥೆ ಕೇಳಲು ಕೂರುವವರ ಹಾಗೆ ಕುಳಿತಳು.

ಪಿಟೀಲು ತೆಗೆದೆ. ಹನ್ನೊಂದರವರೆಗೆ ನುಡಿಸಿದೆವು. ಪ್ರಗತಿ ಕಾಗದದಲ್ಲಿ "ಕೋಟು ಗೂಟದಲ್ಲಿದೆ" ಎಂದು ಬರೆದು ಸಹಿ ಹಾಕಿದೆ. ಮೇಲ್ವಿಚಾರಕಿ ಅದನ್ನು ಓದಿ ಮತ್ತೆ ಕಪಾಟಿನೊಳಗೆ ತಲೆ ಹಾಕಿದರು.

ಮನೆಗೆ ಬಂದಾಗ ಅಕ್ಕ ಯಂತ್ರದ ಮುಂದಿದ್ದಳು. ತಲೆ ಎತ್ತದೆ "ಎಷ್ಟು?" ಎಂದಳು.

"ಸೊನ್ನೆ."

ಯಂತ್ರ ನಿಂತಿತು. ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. ಎದುರಿನ ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿಯನ್ನು ಎತ್ತಿ ನೆಲಕ್ಕಿಟ್ಟು, ಕೂರು ಎನ್ನುವ ಹಾಗೆ ಅದನ್ನು ತಟ್ಟಿದಳು.

"ಮತ್ತೆ?" ಎಂದಳು.